ಮಸ್ಕಿಯ ಶಿಲೆಯೂ ಜೋಡುನುಡಿಗಳೂ

ರಾಯಚೂರು ಸೀಮೆಯ ಮಸ್ಕಿಯಲ್ಲಿ, ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಕೊರೆದ ಎಂಟು ಸಾಲುಗಳಿವೆ. ಚಿನ್ನದ ಗಣಿಗಳ ಶೋಧಕ್ಕಾಗಿ ಈ ಕಡೆ ತಿರುಗುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅವು ೧೯೧೫ರಲ್ಲಿ ಬಿದ್ದವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದರ ಪಾಠವನ್ನು ಹೈದರಾಬಾದು ಪ್ರಾಚ್ಯವಸ್ತು ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ಅರಸನ ಸ್ವಂತ ಹೆಸರು ಎಲ್ಲಿಯೂ ಕಂಡುಬಂದಿರಲಿಲ್ಲ. ಇದ್ದುದು ಬಿರುದು ಮಾತ್ರ. ಮಸ್ಕಿಯ ಮೊದಲನೆಯ ಸಾಲಿನಲ್ಲಿ 'ಅಸೋಕ' ಎಂಬ ಹೆಸರು ಸ್ಪಷ್ಟವಾಗಿ ಬಂದಿತು. ಇಷ್ಟು ಸಂಗತಿ ಶಾಲೆಯ ಹುಡುಗರಿಗೂ ಗೊತ್ತು. ಆದರೆ ಆ ಹೆಸರು ಯಾವುದರ ಸ್ಥಾನದಲ್ಲಿ ಬಂದು ನಿಂತಿತೆಂಬುದನ್ನು ಕಿವಿಗೊಟ್ಟು ಕೇಳಿದವರು ವಿರಳ.

ಶಾಸನಗಳಲ್ಲಿ ಬಹುಮಟ್ಟಿಗೆ ಕಾಣುವ ಪೂರ್ಣವಾದ ಬಿರುದು 'ದೇವಾನಂಪಿಯೇ ಪಿಯದಸಿ' ಎಂಬುದು. ದೇವತೆಗಳಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು ಎಂದು ಅದರ ಅರ್ಥ. ಇದನ್ನು ಗಟ್ಟಿಯಾಗಿ ಓದಿದರೆ 'ಪಿಯ' ಎಂಬ ಸದ್ದು ಎರಡು ಸಾರಿ ಒಂದರ ಬೆನ್ನಿಗೊಂದು ಕೇಳಿಬರುತ್ತದೆ. ಒಂದು ಬಿರುದು ಮುಗಿಯುವ ಸದ್ದಿನಿಂದಲೇ ಇನ್ನೊಂದು ಬಿರುದು ಮೊದಲಾಗುತ್ತದೆ. ಡಂಗುರ ಸಾರುವವನ ಬಾಯಿಗೆ ಈ ಜೋಡಿ ಎಷ್ಟು ಒಪ್ಪುವುದೆಂಬುದನ್ನು ಹೇಳಬೇಕಾಗಿಲ್ಲ. ೧೮೩೭ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಈ ಜೋಡುಬಿರುದನ್ನು ಓದಿದನೇ ಹೊರತು ಅದು ಯಾರದೆಂದು ಮೊದಲು ಅರಿಯದೆ, ಸಿಂಹಳದ ತಿಸ್ಸ ರಾಜನಿರಬೇಕೆಂದು ಊಹಿಸಿದನು. ಅದೇ ವರ್ಷ ಟರ್ನರನು ಸಿಂಹಳದ ದೀಪವಂಸವನ್ನು ಆಧರಿಸಿ ಪಿಯದಸಿಯೇ ಅಶೋಕನೆಂದು ತೋರಿಸಿದನು. ಹಾಗಿದ್ದರೂ ಗ್ರಂಥದ ಮಾತು ಗ್ರಂಥದ್ದು, ಕಲ್ಲಿನ ಮಾತು ಕಲ್ಲಿನದು. ಕಲ್ಲು ತಾನೇ ಬಾಯಿಬಿಡಲು ಎಪ್ಪತ್ತೆಂಟು ವರ್ಷ ಬೇಕಾಯಿತು. ಮಸ್ಕಿಯಲ್ಲಿ ಮೊದಲನೆಯ 'ಪಿಯ' ಉಳಿದಿದೆ, ಎರಡನೆಯದು ಇಲ್ಲ. ಅದರ ಎಡೆಯಲ್ಲಿ ಹೆಸರು ಕುಳಿತಿದೆ. ಮುಂದೆ ಮಧ್ಯಪ್ರದೇಶದ ಗುಜರ್ರಾ ಎಂಬಲ್ಲಿಯೂ, ಸಿಂಧನೂರಿಗೆ ತುಂಗಭದ್ರೆಯ ಆಚೆ ದಡದಲ್ಲಿರುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿಯೂ ಈ ಹೆಸರು ದೊರೆಯಿತು. ಗುಜರ್ರಾದ ಬಂಡೆಯಲ್ಲಂತೂ ಎರಡು ಬಿರುದುಗಳೂ ಹೆಸರೂ ಒಟ್ಟಿಗೇ ಇವೆ.

ಹೇಳಿದುದನ್ನೇ ಮತ್ತೆ ಹೇಳುವುದು ಈ ಅರಸನಿಗೆ ಅಭ್ಯಾಸವಾಗಿದ್ದಿತು. ಮಸ್ಕಿಯ ಶಾಸನದ ಸೋದರ ಪಾಠವೊಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದದ್ದು. ಅದರಲ್ಲಿ ಧರ್ಮಕಾರ್ಯವು ಬೆಳೆಯುವುದು, ವಿಪುಲವಾಗಿ ಬೆಳೆಯುವುದು, ಒಂದೂವರೆ ಪಟ್ಟು ಬೆಳೆಯುವುದು ಎಂದು ಒಂದೇ ಕ್ರಿಯಾಪದವನ್ನು ಮೂರು ಸಾರಿ ಹೇಳಿದೆ. ಇಂಥ ಪುನರುಕ್ತಿ ತನಗೆ ತಿಳಿಯದೆ ಬಂದುದಲ್ಲವೆಂದು ಅರಸನೇ ಇನ್ನೊಂದೆಡೆ ಒಪ್ಪಿಕೊಂಡಿದ್ದಾನೆ. ಹದಿನಾಲ್ಕನೆಯ ಬಂಡೆಗಲ್ಲಿನ ಶಾಸನದಲ್ಲಿ, ತನ್ನ ಮಾತುಗಳು ಕೆಲವೆಡೆ ಸಂಕ್ಷೇಪವಾಗಿಯೂ ಕೆಲವೆಡೆ ವಿಸ್ತಾರವಾಗಿಯೂ ಇವೆಯೆಂದು ತಿಳಿಸಿ, ಕೆಲವನ್ನು ಮರಳಿ ಮರಳಿ ಹೇಳಿರುವುದಕ್ಕೆ ಆಯಾ ವಿಷಯದ ಮಾಧುರ್ಯವೇ ಕಾರಣವೆಂದೂ, ಜನರು ಹಾಗೆ ನಡೆಯಲೆಂಬುದೇ ಉದ್ದೇಶವೆಂದೂ ಸಮಾಧಾನ ಹೇಳುತ್ತಾನೆ. ಆ ವಾಕ್ಯದಲ್ಲಿ 'ಪುನ ಪುನ' ಎಂದೂ 'ತಸ ತಸ' ಎಂದೂ ಎರಡು ಜೋಡುನುಡಿಗಳಿವೆ! ಪುನರುಕ್ತಿಯನ್ನು ಸಮರ್ಥಿಸುವ ಮಾತೂ ಪುನರುಕ್ತಿಯಿಲ್ಲದೆ ಹೊರಡಲಿಲ್ಲ. ಈ ಹದಿನಾಲ್ಕನೆಯ ಶಾಸನದ ಪ್ರತಿಯೊಂದು ಭೀಮಾನದಿಯ ದಡದ ಸನ್ನತಿಯಲ್ಲಿ, ಕಾಳಿಯ ಗುಡಿಯಲ್ಲಿದ್ದ ಶಿಲಾಫಲಕದ ಮೇಲೆ ೧೯೮೯ರಲ್ಲಿ ಬೆಳಕಿಗೆ ಬಂದುದರಿಂದ, ಅದನ್ನು ಕನ್ನಡ ನಾಡಿಗೆ ಪರಕೀಯವೆನ್ನುವಂತಿಲ್ಲ.

ಮಾಧುರ್ಯಕ್ಕಾಗಿ ಎರಡು ಸಾರಿ ಹೇಳುವುದೆಂಬ ಈ ವಿವರಣೆಯನ್ನು ವೈಯಾಕರಣರು ಅಷ್ಟು ಸುಲಭವಾಗಿ ಒಪ್ಪಲಾರರು. ಪಾಣಿನಿಯ ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯವು ಮೊದಲಾಗುವುದೇ ಪದದ ದ್ವಿರುಕ್ತಿಯಿಂದ. ಜೋಡಿಯಲ್ಲಿ ಎರಡನೆಯದಕ್ಕೆ ಆಮ್ರೇಡಿತವೆಂದು ಅಲ್ಲಿ ಹೆಸರಿಟ್ಟಿದೆ. ಅರ್ಥವಿಲ್ಲದ ಸದ್ದಿನ ಅನುಕರಣಕ್ಕೆ, 'ಪಟಪಟಾ' ಎಂಬಂಥದಕ್ಕೆ, ಬೇರೆಡೆ ಪ್ರತ್ಯೇಕ ವಿಧಿಯಿದೆ. ಯಾಸ್ಕನ ನಿರುಕ್ತದಲ್ಲಿ ಈ ಕುರಿತು ಒಂದು ರಸವತ್ತಾದ ವಿವಾದವೇ ಇದೆ. 'ಕಾಕ' ಎಂಬುದು ಹಕ್ಕಿಯ ಕೂಗಿನ ಅನುಕರಣ, ಹಕ್ಕಿಗಳ ಹೆಸರುಗಳಲ್ಲಿ ಇಂಥವು ಹೇರಳವೆಂದು ಯಾಸ್ಕನ ಮತ. ಅನುಕರಣಶಬ್ದವೆಂಬುದೇ ಇಲ್ಲವೆಂದು ಔಪಮನ್ಯವನ ವಾದ. ಅವನ ಪ್ರಕಾರ ಓಡಿಸತಕ್ಕದ್ದಾದುದರಿಂದ ಅದು ಕಾಕ! ಕಾಗೆಯನ್ನು ಓಡಿಸುವುದೇನೋ ನಿಜ. ಆದರೆ ಕಾಗೆ, ಕೋಗಿಲೆ, ಗೂಗೆ ಈ ಮೂರು ಹೆಸರುಗಳನ್ನೂ ಒಟ್ಟಿಗೆ ಉಚ್ಚರಿಸಿ ನೋಡಿದ ಕನ್ನಡಿಗನು ಯಾಸ್ಕನ ಪಕ್ಷವನ್ನೇ ಹಿಡಿಯುವನು.

ಕನ್ನಡದ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ಅನುಕರಣ ಶಬ್ದಗಳನ್ನು ಅವ್ಯಯಗಳ ಸಾಲಿಗೆ ಸೇರಿಸಿದನು. ಅವಕ್ಕೆ ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿ ಹತ್ತುವುದಿಲ್ಲ. ಆದುದರಿಂದ ಆ ಸ್ಥಾನವು ಯುಕ್ತವಾದುದೇ. ಆದರೆ ಅವ್ಯಯವೆಂಬುದು ಇಲ್ಲಿ ಇನ್ನೊಂದು ಅರ್ಥದಲ್ಲಿಯೂ ನಿಜವಾಗಿದೆ. ವ್ಯಯವಾಗದೆ, ಮಾರ್ಪಡದೆ ಉಳಿಯುವ ಶಕ್ತಿ ಇವಕ್ಕಿದೆ. ಅದನ್ನು ಕನ್ನಡದ ಚರಿತ್ರೆಯೇ ತೋರಿಸಿಕೊಡುತ್ತದೆ.

ಹಳಗನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ ಪಕಾರವು ಹತ್ತನೆಯ ಶತಮಾನದ ಸುಮಾರಿಗೆ ಹಕಾರವಾಗತೊಡಗಿ, ನಡುಗನ್ನಡದ ಕಾಲಕ್ಕೆ ಆ ಮಾರ್ಪಾಡು ನಾಡೆಲ್ಲ ಹರಡಿತು. ಪಾಲ್ ಹಾಲಾಯಿತು, ಪಾವು ಹಾವಾಯಿತು, ಪಳ್ಳಿ ಹಳ್ಳಿಯಾಯಿತು. ಲಿಂಗಸುಗೂರು ತಾಲ್ಲೂಕಿನ ಚಿನ್ನದ ಗಣಿಯ ಊರು ಹಟ್ಟಿ. ಆ ಶಬ್ದವೂ ಪಟ್ಟಿ ಎಂಬುದರ ರೂಪಾಂತರವೇ. ಶಾಸನಗಳಲ್ಲಿ ಮಸ್ಕಿಗೆ 'ಪಿರಿಯ ಮೊಸಂಗಿ' ಎಂಬ ಹೆಸರಿದ್ದಿತು. ಇಂದು ಯಾರಾದರೂ ಅದನ್ನು ಹೇಳುವುದಾದರೆ ಹಿರಿಯ ಮೊಸಂಗಿ ಎನ್ನಬೇಕಾದೀತು. ಹೀಗೆ ಸಾವಿರಾರು ಶಬ್ದಗಳ ಮೋರೆಯನ್ನೇ ಬದಲಾಯಿಸಿದ ಈ ಗಾಳಿ ಜೋಡುನುಡಿಗಳ ಮೇಲೆ ಹೇಗೆ ಬೀಸಿತೆಂಬುದು ನೋಡತಕ್ಕ ವಿಷಯ.

ಮೊದಲನೆಯದಾಗಿ 'ಪಚ್ಚಪಸಿರ್'. ಇದು ಅರ್ಥವುಳ್ಳ ಶಬ್ದದ ದ್ವಿರುಕ್ತಿ. ಕಡೆ ಎಂಬುದರಿಂದ ಕಟ್ಟಕಡೆ, ನಡುವೆ ಎಂಬುದರಿಂದ ನಟ್ಟನಡುವೆ, ತುದಿಯಿಂದ ತುತ್ತತುದಿ, ಬಯಲಿನಿಂದ ಬಟ್ಟಬಯಲು ಆದಂತೆ ಪಸಿರಿನಿಂದ ಆದುದು. ಪಸಿರು ಹಸಿರಾದೊಡನೆ ಅದರ ಜೊತೆಯೂ ಕೈಬಿಡದೆ ಹಿಂಬಾಲಿಸಿ, ಎರಡೂ ಸೇರಿ ಹಚ್ಚಹಸಿರಾದವು. ಎರಡನೆಯದು 'ಪಂಪೆ'. ತುಂಗಭದ್ರೆಯ ತೀರದ ಈ ಪುಣ್ಯಕ್ಷೇತ್ರದ ಹೆಸರಿನಲ್ಲಿ ಒಂದೇ ವ್ಯಂಜನ ಎರಡು ಸಾರಿ ಇತ್ತು. ಮೊದಲಿನ ಪಕಾರ ಬದಲಾಯಿತು. ಎರಡನೆಯದು ಅನುಸ್ವಾರದ ಆಸರೆಯಲ್ಲಿ ಉಳಿದುಕೊಂಡಿತು. ಜೋಡಿ ಮುರಿದು ಹಂಪೆಯಾಯಿತು. ಆದಿಕವಿ ಪಂಪನ ಹೆಸರು ಮಾತ್ರ ಗ್ರಂಥಸ್ಥವಾದುದರಿಂದ ಹಾಗೆಯೇ ನಿಂತಿತು. ಅವನನ್ನು ಹಂಪನೆಂದು ಕರೆದವರಿಲ್ಲ.

ಮೂರನೆಯ ಬಗೆಯೇ ವಿಚಾರಾರ್ಹವಾದುದು. ಹನಿ ಬೀಳುವುದು ಪಟಪಟ. ಕಿವಿಯಲ್ಲಿ ಮಾತನಾಡುವುದು ಪಿಸಿಪಿಸಿ. ತಿಕ್ಕಿದ ತಾಮ್ರದ ಬಿಂದಿಗೆ ಪಳಪಳ. ಇವು ಹಟಹಟ, ಹಿಸಿಹಿಸಿ, ಹಳಹಳ ಎಂದಾಗಲಿಲ್ಲ. ಹಾಲು, ಹಾವು, ಹೂವು ಮೊದಲಾದ ದಿನಬಳಕೆಯ ಮಾತುಗಳೆಲ್ಲ ಮಣಿದರೂ ಇವು ಮಣಿಯಲಿಲ್ಲ. ಕಾರಣವು ಗೂಢವಾದುದೇನಲ್ಲ. ಹಾಲಿಗೂ ಪಕಾರಕ್ಕೂ ಯಾವ ಸಂಬಂಧವೂ ಇಲ್ಲ. ಎಲ್ಲರೂ ಒಪ್ಪಿದರೆ ಅದನ್ನು ಹೇಗೆ ಬೇಕಾದರೂ ಕರೆಯಬಹುದು. ಆದರೆ ಹನಿ ಇಂದಿಗೂ ಪಟಪಟನೆ ಬೀಳುತ್ತಿದೆ. ಪ್ರತಿಯೊಂದು ಮಳೆಗಾಲವೂ ಆ ಶಬ್ದದ ಉಚ್ಚಾರವನ್ನು ತಿದ್ದಿ ಕಲಿಸುತ್ತಿರುವಾಗ ಅದು ಕೆಡುವುದು ಹೇಗೆ? ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಕೇವಲ ಸಂಕೇತವೆಂದು ವಾದಿಸುವವರು ಈ ಉದಾಹರಣೆಯನ್ನು ಸ್ವಲ್ಪ ಆಲೋಚಿಸಬೇಕು.

ಇವೆಲ್ಲ ಸದ್ದಿನ ಮಾತುಗಳೆಂದು ಹೇಳಿ ಮುಗಿಸುವಂತೆಯೂ ಇಲ್ಲ. ಬಿಂದಿಗೆಯ ಹೊಳಪಿಗೆ ಸದ್ದಿದೆಯೆ? ದೀಪ ಮಿಣಮಿಣ ಉರಿಯುತ್ತದೆ, ಕೆಂಡ ನಿಗಿನಿಗಿ ಹೊಳೆಯುತ್ತದೆ. ಕಣ್ಣಿಗೆ ಕಂಡುದನ್ನು ಕಿವಿಯ ಭಾಷೆಗೆ ಇಳಿಸಿದಂತಾಯಿತು. ಎಲ್ಲಕ್ಕೂ ವಿಚಿತ್ರವಾದುದು 'ಭಣಭಣ'. ಮಳೆ ಕೈಕೊಟ್ಟ ವರ್ಷ, ದುಡಿಯಬಲ್ಲವರೆಲ್ಲ ಗುಳೆ ಹೋದ ಮೇಲೆ, ಎರೆಭೂಮಿಯ ಹಳ್ಳಿಯೊಂದು ಭಣಭಣ ಎನ್ನುತ್ತದೆ. ಅಲ್ಲಿ ಸದ್ದೇ ಇಲ್ಲ. ಸದ್ದಿಲ್ಲದಿರುವುದಕ್ಕೇ ಈ ಸದ್ದು. ಇದಕ್ಕೆ ಸರಿಯಾದ ಸಂಸ್ಕೃತ ಪದವನ್ನು ಹುಡುಕಹೊರಟವರು 'ನಿರ್ಜನ' ಎಂದಾರು, 'ಶೂನ್ಯ' ಎಂದಾರು. ಹಾಗೆಂದರೆ ಜನರಿಲ್ಲವೆಂಬ ಸಂಗತಿ ತಿಳಿದೀತು. ಜನರಿದ್ದರೆಂಬ ನೆನಪು ಬಾರದು. ಇಂಥ ಮಾತುಗಳನ್ನು ಗ್ರಾಮ್ಯವೆಂದು ಪಠ್ಯಪುಸ್ತಕಗಳಿಂದ ದೂರವಿಡುವುದು ವಿದ್ಯಾವಂತರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರಿಂದ ನಷ್ಟವಾದುದು ಗ್ರಾಮಕ್ಕಲ್ಲ, ಪುಸ್ತಕಕ್ಕೆ.

ವ್ಯಕ್ತಿನಾಮಗಳಲ್ಲಿಯೂ ಈ ತಿರಸ್ಕಾರದ ಕುರುಹು ಕಾಣಬರುತ್ತದೆ. ಮಗುವಿನ ತುಟಿ ನಾಲಗೆಗಳಿಗೆ ಮೊದಲು ಸಾಧ್ಯವಾಗುವುದು ಒಂದೇ ಅಕ್ಷರವನ್ನು ಎರಡು ಸಾರಿ ನುಡಿಯುವುದು. ಮಾಮ, ತಾತ, ಕಾಕಾ, ಪಾಪ ಇವೆಲ್ಲ ಆ ತೊಟ್ಟಿಲಿನಿಂದ ಬಂದ ಮಾತುಗಳು. ಅಮೆರಿಕದ ಮರ್ಡಾಕ್ ಎಂಬ ಪಂಡಿತನು ಜಗತ್ತಿನ ನಾನಾ ಭಾಷೆಗಳಿಂದ ತಾಯಿತಂದೆಗಳ ಹೆಸರುಗಳನ್ನು, ಒಟ್ಟು ೧೦೭೨, ಸಂಗ್ರಹಿಸಿದ್ದನು. ಅವನ್ನು ಆಧರಿಸಿ ರೋಮನ್ ಯಾಕಬ್ಸನ್ ೧೯೬೦ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಲೇಖನದಲ್ಲಿ, ಸಂಬಂಧವೇ ಇಲ್ಲದ ಭಾಷೆಗಳಲ್ಲಿಯೂ ಈ ಶಬ್ದಗಳು ಒಂದೇ ತೆರನಾಗಿರುವುದಕ್ಕೆ ಎಳೆಮಗುವಿನ ಬಾಯೇ ಕಾರಣವೆಂದು ವಿವರಿಸಿದನು. ಉತ್ತರದ ಜಿಲ್ಲೆಗಳ ಮನೆಗಳಲ್ಲಿ ತಂದೆಯ ತಮ್ಮನನ್ನು ಕಕ್ಕ ಅಥವಾ ಕಾಕಾ ಎಂದು ಕರೆಯುತ್ತಾರೆ. ಈಗ ರಾಷ್ಟ್ರಕೂಟರ ವಂಶಾವಳಿಯನ್ನು ತೆರೆದು ನೋಡಿದರೆ, ಮೊದಲನೆಯ ಕೃಷ್ಣನ ತಂದೆಯ ಹೆಸರೂ, ೯೭೩ರಲ್ಲಿ ಚಾಲುಕ್ಯ ತೈಲಪನಿಗೆ ರಾಜ್ಯವನ್ನು ಕಳೆದುಕೊಂಡ ಕಡೆಯ ಚಕ್ರವರ್ತಿಯ ಹೆಸರೂ ಕಕ್ಕನೆಂದೇ ಇದೆ. ಅದೇ ಹೆಸರು ಸಂಸ್ಕೃತದ ವೇಷ ತೊಟ್ಟು 'ಕರ್ಕ' ಎಂದೂ ಬರುತ್ತದೆ. ಮನೆಯ ಹೆಸರಿಗೆ ಒಂದು ರೇಫವನ್ನು ಸೇರಿಸಿದ ಕೂಡಲೆ ಅದು ಆಸ್ಥಾನಕ್ಕೆ ಯೋಗ್ಯವಾಯಿತು! ಭರುಕಚ್ಛದ ಗೂರ್ಜರ ಅರಸರಲ್ಲಿ ದದ್ದನೆಂಬ ಹೆಸರು ಒಬ್ಬನಿಗಿಂತ ಹೆಚ್ಚು ಮಂದಿಗೆ ಇದ್ದಿತು. ಆ ಬಡಪಾಯಿಗೆ ರೇಫ ದೊರೆಯಲಿಲ್ಲ. ದೊಡ್ಡ ಹೆಸರುಗಳ ಗತಿಯೂ ಒಮ್ಮೊಮ್ಮೆ ಹೀಗೆಯೇ ತಲೆಕೆಳಗಾಗುವುದುಂಟು. ಮಸ್ಕಿಯ ಬಂಡೆಯ ಮೇಲೆ ಅಷ್ಟು ಗೌರವದಿಂದ ಕೊರೆದ 'ದೇವಾನಾಂಪ್ರಿಯ' ಎಂಬ ಬಿರುದಿಗೆ ಮುಂದಿನ ಸಂಸ್ಕೃತ ವೈಯಾಕರಣರು ಮೂರ್ಖನೆಂಬ ಅರ್ಥವನ್ನು ಹೇಳಿಬಿಟ್ಟರು.

ಪೂರ್ತಿಯಾಗಿ ಮರುಕಳಿಸದೆ, ಮೊದಲಕ್ಷರವನ್ನು ಮಾತ್ರ ಬದಲಿಸಿ ಬರುವ ಜೋಡಿಗಳು ಇನ್ನೊಂದು ಜಾತಿ. ಭಾಷಾಶಾಸ್ತ್ರಜ್ಞರು ಇವನ್ನು ಪ್ರತಿಧ್ವನಿ ಪದಗಳೆನ್ನುತ್ತಾರೆ. ಕನ್ನಡದಲ್ಲಿ ಪ್ರತಿಧ್ವನಿಯ ಅಕ್ಷರ 'ಗಿ'. ಮೂಲದಲ್ಲಿ ದೀರ್ಘವಿದ್ದರೆ 'ಗೀ'. ಮನೆಗಿನೆ, ರೊಟ್ಟಿಗಿಟ್ಟಿ, ಊರುಗೀರು, ಹಾಲುಗೀಲು. ಇದಕ್ಕೆ ಮೀರಿದ ಶಬ್ದವೇ ಇಲ್ಲವೆನ್ನಬಹುದು. ನಿನ್ನೆ ಬಂದ ಪರಭಾಷೆಯ ಪದವನ್ನೂ ಇದು ಬಿಡುವುದಿಲ್ಲ. ಸ್ವತಃ 'ಗಿ'ಯಿಂದ ಮೊದಲಾಗುವ ಗಿಡದ ಮುಂದೆ ಮಾತ್ರ ಈ ಉಪಾಯ ಸೋಲುವುದರಿಂದ ಗಿಡಗಂಟಿ ಎಂದು ಬೇರೆ ಜೊತೆಯನ್ನು ಹುಡುಕಿಕೊಳ್ಳಬೇಕಾಗುತ್ತದೆ. ಇವು ನಿರರ್ಥಕವೆಂಬ ಮಾತು ವ್ಯವಹಾರಕ್ಕೆ ನಿಲ್ಲುವುದಿಲ್ಲ. ಬಂದವರಿಗೆ ರೊಟ್ಟಿ ಬೇಕೆ ಎಂದರೆ ರೊಟ್ಟಿಯೊಂದೇ. ರೊಟ್ಟಿಗಿಟ್ಟಿ ಎಂದರೆ ಪಲ್ಯ, ಮೊಸರು, ಹಿಂಡಿ, ಮನೆಯಲ್ಲಿ ಇದ್ದುದೆಲ್ಲವೂ ಬಂದಿತು. ಸಾಲಗೀಲ ಮಾಡಿಕೊಂಡಿರುವನೆ ಎಂದು ಬೀಗರು ಕೇಳಿದರೆ ಆ 'ಗೀಲ'ದೊಳಗೆ ಎಷ್ಟು ಅನುಮಾನಗಳು ಅಡಗಿವೆಯೆಂಬುದು ಹೆಣ್ಣು ಕೊಡುವವರಿಗೇ ಗೊತ್ತು.

ಈ ವಿಷಯವನ್ನು ಅಭ್ಯಾಸ ಮಾಡಲು ಸಿಂಧನೂರಿನ ಸಂತೆಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ನಿಜಾಮನ ಆಡಳಿತ ೧೯೪೮ರಲ್ಲಿ ಕೊನೆಗಾಣುವವರೆಗೆ ಇಲ್ಲಿಯ ಕಚೇರಿಯ ಭಾಷೆ ಉರ್ದುವಾಗಿದ್ದಿತು. ಮನೆಮಾತಾಗಿ ಅದು ಇಂದಿಗೂ ಇದೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಎಡದಂಡೆಯ ಕಾಲುವೆಯಲ್ಲಿ ನೀರು ಹರಿಸಿದ ಮೇಲೆ ಜೋಳದ ಹೊಲಗಳು ಬತ್ತದ ಗದ್ದೆಗಳಾಗಿ, ಆಂಧ್ರದ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಅನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಈ ತಾಲ್ಲೂಕಿನಲ್ಲಿಯೇ ಪುನರ್ವಸತಿ ದೊರೆಯಿತು. ಹೀಗಾಗಿ ನೀರನ್ನು ಕುರಿತು ಕನ್ನಡಿಗನು ನೀರುಗೀರು ಎಂದರೆ, ತೆಲುಗನು ನೀಳ್ಳುಗೀಳ್ಳು ಎನ್ನುತ್ತಾನೆ. ಉರ್ದುವಿನವನದು ಪಾನೀವಾನೀ, ಬಂಗಾಳಿಯದು ಜಲ್‌ಟಲ್. ಅಕ್ಷರ ಒಬ್ಬೊಬ್ಬರದು ಒಂದೊಂದು. ಉಪಾಯ ಎಲ್ಲರದೂ ಒಂದೇ. ಎಂ. ಬಿ. ಎಮಿನೋ ಎಂಬ ವಿದ್ವಾಂಸನು ೧೯೩೮ರಲ್ಲಿ ನೀಲಗಿರಿಯ ತೋಡರ ಭಾಷೆಯ ಪ್ರತಿಧ್ವನಿ ಪದಗಳನ್ನು ವಿವೇಚಿಸಿ, ೧೯೫೬ರಲ್ಲಿ ಭಾರತವೆಲ್ಲ ಒಂದು ಭಾಷಾಕ್ಷೇತ್ರವೆಂಬ ಸಿದ್ಧಾಂತವನ್ನು ಮಂಡಿಸಿದನು. ಬೇರೆ ಬೇರೆ ಕುಲದ ಭಾಷೆಗಳು ನೆರೆಹೊರೆಯಲ್ಲಿ ಬಾಳಿ ಒಂದರ ನಡೆಯನ್ನು ಇನ್ನೊಂದು ಕಲಿತವೆಂಬುದು ಅದರ ತಿರುಳು. ಅನುಕರಣ ಶಬ್ದಗಳೂ ಇಂಥ ಸಾಮಾನ್ಯ ಲಕ್ಷಣಗಳಲ್ಲಿ ಸೇರಿದವೆಂದು ೧೯೬೯ರಲ್ಲಿ ಅವನೇ ತೋರಿಸಿದನು. ಈ ಸಿದ್ಧಾಂತವು ಸಿಂಧನೂರಿನಲ್ಲಿ ಕಾಯಿಪಲ್ಯದ ಬುಟ್ಟಿಯ ಮುಂದೆ ದಿನವೂ ಕಿವಿಗೆ ಬೀಳುತ್ತದೆ.

ಬಂಗಾಳಿಗಳಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದ್ದಿತೆಂಬುದನ್ನು ಮರೆಯಬಾರದು. ರವೀಂದ್ರನಾಥ ಠಾಕೂರರಂಥ ಕವಿ ತಮ್ಮ ಭಾಷೆಯ ಧ್ವನ್ಯಾತ್ಮಕ ಶಬ್ದಗಳನ್ನು ಕಲೆಹಾಕಿ, ಅವುಗಳ ಸ್ವಭಾವವನ್ನು ವಿವೇಚಿಸಿ ಬರೆದರು. ಆ ಬರಹ ೧೯೦೯ರ 'ಶಬ್ದತತ್ತ್ವ' ಎಂಬ ಪುಸ್ತಕದಲ್ಲಿ ಸೇರಿದೆ. ಕನ್ನಡಕ್ಕೆ ಅಷ್ಟೇ ಶ್ರದ್ಧೆಯಿಂದ ದುಡಿದವರು ಪರದೇಶದ ಪಾದ್ರಿಗಳಾದ ಕಿಟ್ಟೆಲ್ ಅವರು. ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿದ ಅವರು ೧೮೯೪ರಲ್ಲಿ ಹೊರತಂದ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಪಂಡಿತರು ಕಸವೆಂದು ಗುಡಿಸಿಹಾಕುತ್ತಿದ್ದ ಅನುಕರಣ ಶಬ್ದಗಳಿಗೂ ಅವರು ಅಲ್ಲಿ ಎಡೆಗೊಟ್ಟರು. ಆದರೆ ಅವರು ದುಡಿದ ಸೀಮೆ ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳದು. ಅದೇ ಕಾಲದಲ್ಲಿ ಲಿಂಗಸುಗೂರು ನಿಜಾಮನ ರಾಜ್ಯದಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿದ್ದು, ೧೯೦೫ರಲ್ಲಿ ಆ ಜಿಲ್ಲೆ ರಾಯಚೂರಿನಲ್ಲಿ ಲೀನವಾಯಿತು. ಅಲ್ಲಿಯ ದಫ್ತರಗಳಲ್ಲಿ ಹೊಲದ ಅಳತೆ, ಕಂದಾಯ, ತಕರಾರು ಎಲ್ಲವೂ ದಾಖಲಾದವು. ಎರೆಯ ಬಿರುಕಿನಲ್ಲಿ ಮೊದಲ ಮಳೆಯ ನೀರು ಇಳಿಯುವಾಗಿನ ಸದ್ದಿಗೆ ರೈತನು ಹೇಳುತ್ತಿದ್ದ ಮಾತನ್ನು ದಾಖಲು ಮಾಡಿಕೊಳ್ಳಲು ಯಾವ ದಫ್ತರದಲ್ಲಿಯೂ ಅಂಕಣವಿರಲಿಲ್ಲ.

ವಸ್ತು ಹೋದೊಡನೆ ಅದರ ಸದ್ದು ಹೋಗುತ್ತದೆ. ಸದ್ದು ಹೋದ ಮೇಲೆ ಮಾತು ಎಷ್ಟು ದಿನ ನಿಂತೀತು? ಬೀಸುವ ಕಲ್ಲಿನ ಗರಗರ ಹಿಟ್ಟಿನ ಗಿರಣಿ ಬಂದ ಮೇಲೆ ನಿಂತಿತು. ಹಿರಿಯರು ಸೇದುತ್ತಿದ್ದ ಗುಡುಗುಡಿ, ತನ್ನ ನೀರಿನ ಸದ್ದನ್ನೇ ಹೆಸರಾಗಿ ಪಡೆದದ್ದು, ಈಗ ಮೂಲೆ ಸೇರಿದೆ. ಬುಡಬುಡಿಕೆಯವನು ಇನ್ನೂ ಕೆಲವು ಊರುಗಳಿಗೆ ಬೆಳಗಿನ ಜಾವ ಬರುತ್ತಾನೆ. ಅವನ ಕೈಯ ವಾದ್ಯಕ್ಕೂ ಅವನ ಕುಲಕ್ಕೂ ಹೆಸರು ಕೊಟ್ಟದ್ದು ಒಂದೇ ಸದ್ದು.

ಹೊಸವು ಹುಟ್ಟುವುದಿಲ್ಲವೆಂದಲ್ಲ. ಮೋಟಾರು ಸೈಕಲು ಈ ಸೀಮೆಗೆ ಬಂದಾಗ ಅದರ ಇಂಗ್ಲಿಷು ಹೆಸರಿಗಾಗಿ ಯಾರೂ ಕಾಯಲಿಲ್ಲ. ಅದು ಬರುವ ಸದ್ದನ್ನು ಕೇಳಿ ಫಟಫಟಿ ಎಂದರು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿ ನಡುವೆ ಮಸ್ಕಿಯನ್ನು ಹಾದುಹೋಗುತ್ತದೆ. ಈ ಸೀಮೆಯ ದಾರಿಗಳಲ್ಲಿ, ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹೇರಿಕೊಂಡು ಓಡಾಡುವ ಮೂರು ಗಾಲಿಯ ಬಾಡಿಗೆ ಬಂಡಿಗೆ ಜನರು ಇಟ್ಟ ಹೆಸರು ಟಂಟಂ.